ಸೊನ್ನದ ಜವಾಬು

ನಾನು ನಿಂತದ್ದು ಸೊನ್ನದ ಹನುಮಂತದೇವರ ಗುಡಿಯ ಮುಂದಿನ ಕಟ್ಟೆಯ ಮೇಲೆ, ಎಡಗಡೆ, ಧ್ವನಿವರ್ಧಕದ ಪೆಟ್ಟಿಗೆಗೂ ಬೇವಿನ ಮರಕ್ಕೂ ನಡುವೆ, ಒಬ್ಬ ಮನುಷ್ಯ ನಿಲ್ಲುವಷ್ಟೇ ಇದ್ದ ಜಾಗದಲ್ಲಿ. ಶ್ರಾವಣದ ಕೊನೆಯ ಸೋಮವಾರ. ಮಧ್ಯಾಹ್ನದ ಊಟವಾಗಿ, ಎಲೆ ಎತ್ತಿ, ಹೆಂಗಸರೆಲ್ಲ ಕೈ ತೊಳೆದು ಬಂದು ಕೂತಿದ್ದರು. ನನ್ನ ಮುಂದೆ ಒಂದು ಕಬ್ಬಿಣದ ಸ್ಟೂಲು, ಅದರ ಮೇಲೆ ನನ್ನ ಲ್ಯಾಪ್‌ಟಾಪು. ಬಲಕ್ಕೆ, ಕೈ ಚಾಚಿದರೆ ಸಿಗುವಷ್ಟು ಹತ್ತಿರ, ಇಜೇರಿಯ ಗುರುಬಾಯಕ್ಕ. ಆಕೆಯ ಬೆನ್ನಿಗೆ ಅಂಟಿದಂತೆ ಚಂದಮ್ಮ. ಎದುರಿಗೆ, ಕಟ್ಟೆಯ ಇನ್ನೊಂದು ತುದಿಯಲ್ಲಿ, ಹಿರೋಳ್ಳಿಯ ಸಾಯಬಣ್ಣ ಕಾಕಾ.

ಇಷ್ಟು ಗುರುತು ಹಾಕಿ ಹೇಳುವುದಕ್ಕೆ ಕಾರಣವಿದೆ. ನಿನ್ನೆ ಅಂಗಡಿಗೆ ಬಂದ ಗಿರಾಕಿಯೊಬ್ಬ ಗುಳಿಗೆ ತೆಗೆದುಕೊಂಡವನು ಹೋಗದೆ ನಿಂತು, ಮೊಬೈಲನ್ನು ನನ್ನ ಮುಖದ ಮುಂದೆ ಹಿಡಿದ. "ಡಾಕ್ಟರ, ಇದ್ರಾಗ ನಿಂತಾಂವ ನೀವೇ ಅಲ್ಲೇನ್ರಿ?" ನಾನೇ. ಜನರ ಹಿಂದಿನಿಂದ ಯಾರೋ ತೆಗೆದ ತುಣುಕು. ಮುಂದೆ ಕೂತವರ ತಲೆಗಳೇ ಹೆಚ್ಚು, ಕಟ್ಟೆ ಕಡಿಮೆ. ಕೆಳಗೆ ದಪ್ಪ ಅಕ್ಷರದಲ್ಲಿ, "ಗಂಟಲು ತೆಗೆದ ತಾಯಿ ದೇವರ ಮುಂದೆ ಹಾಡಿದಳು" ಎಂದಿತ್ತು. ಅದರ ಕೆಳಗೆ ಅರ್ಧ ಜನ ಕೈ ಮುಗಿದಿದ್ದರು. ಉಳಿದ ಅರ್ಧ, ಎಲ್ಲಾ ಕಂಪ್ಯೂಟರಿನ ಮೋಸ ಎಂದು ಬೈದಿದ್ದರು. ಅದೇ ಹಾಡು ಎರಡನೆಯ ಸಲ ಶುರುವಾಗುವುದಕ್ಕಿಂತ ಒಂದು ಕ್ಷಣ ಮೊದಲು ತುಣುಕು ಮುಗಿದುಹೋಗುತ್ತದೆ. ಆ ಕ್ಷಣದಲ್ಲಿ ಏನಾಯಿತೆಂಬುದು ಅದರಲ್ಲಿ ಇಲ್ಲ.

ಪವಾಡವೂ ಅಲ್ಲ, ಮೋಸವೂ ಅಲ್ಲ. ಕೂತು ಕೇಳುವ ವ್ಯವಧಾನ ನಿಮಗಿದ್ದರೆ, ಕಂಡದ್ದನ್ನು ಕಂಡ ಹಾಗೆ ಹೇಳುತ್ತೇನೆ. ನಡುವೆ ಒಂದಿಷ್ಟು ದಾರಿ ತಪ್ಪಿದರೆ ಸಹಿಸಿಕೊಳ್ಳಿ. ಅಂದಿನಿಂದ ನನಗೆ ಈ ಸಂಗತಿಯನ್ನು ನೆಟ್ಟಗೆ ಹೇಳಲು ಬಂದಿಲ್ಲ.

ನನ್ನದು ಅಫಜಲಪುರದಲ್ಲಿ ಔಷಧದ ಅಂಗಡಿ. ಗುಳಿಗೆ ಮಾರುವವನನ್ನು ನಮ್ಮ ಕಡೆ ಡಾಕ್ಟರ್ ಎಂದೇ ಕರೆಯುತ್ತಾರೆ. ಮೊದಮೊದಲು ತಿದ್ದುತ್ತಿದ್ದೆ, ಈಗ ಸುಮ್ಮನೆ ಓಗೊಡುತ್ತೇನೆ. ಗಿರಾಕಿ ಇಲ್ಲದ ಹೊತ್ತಿನಲ್ಲಿ ನನಗೊಂದು ಹುಚ್ಚು: ಕಂಪ್ಯೂಟರಿನಲ್ಲಿ ಹಾಡುವ ದನಿಗಳನ್ನು ಮಾಡುವುದು. ಒಬ್ಬ ಮನುಷ್ಯನಿಂದ ಒಂದೊಂದೇ ಅಕ್ಷರ ಹೇಳಿಸಿ ಮುದ್ರಿಸಿಕೊಳ್ಳಬೇಕು. ಪ್ರತಿ ಅಕ್ಷರದಲ್ಲೂ ವ್ಯಂಜನ ಎಲ್ಲಿ ಮುಗಿಯಿತು, ಸ್ವರ ಎಲ್ಲಿ ತೆರೆಯಿತು ಎಂದು ಗೆರೆ ಎಳೆಯಬೇಕು. ಆಮೇಲೆ ಧಾಟಿಯನ್ನೂ ಮಾತನ್ನೂ ಬರೆದುಕೊಟ್ಟರೆ, ಯಂತ್ರ ಆ ಅಕ್ಷರಗಳನ್ನು ಎಳೆದು, ಕುಗ್ಗಿಸಿ, ಒಂದಕ್ಕೊಂದು ಹೊಲಿದು, ಆ ಮನುಷ್ಯ ಎಂದೂ ಹಾಡದ ಹಾಡನ್ನು ಅವನದೇ ದನಿಯಲ್ಲಿ ಹಾಡುತ್ತದೆ. ಬೇರೆ ದೇಶದವರು ಇದಕ್ಕೆ ಏನೇನೋ ಅಕ್ಷರಪಟ್ಟಿ ಮಾಡಿಕೊಂಡು ಒದ್ದಾಡುತ್ತಾರೆ. ನಮಗೆ ಆ ಕಷ್ಟವಿಲ್ಲ. ಒಂದನೇ ಇಯತ್ತೆಯ ಕಾಗುಣಿತವೇ ಸಾಕು.

ಮೊದಲು ಮಾಡಿದ್ದು ನನ್ನದೇ ದನಿ. ನೆಗಡಿಯಾದ ಹೋತದ ಹಾಗೆ ಹಾಡಿತು. ನನ್ನ ಹೆಂಡತಿ ರೊಟ್ಟಿ ಬಡಿಯುವುದನ್ನು ನಿಲ್ಲಿಸಿ ಪೂರ್ತಿ ಕೇಳಿದಳು. "ಇದನ್ನ ಅಂಗಡ್ಯಾಗ ಹಚ್ಚಬ್ಯಾಡ್ರಿ," ಎಂದಳು. "ಇದ್ದ ರೋಗ ಬಿಟ್ಟು ಮಂದಿಗಿ ಇನ್ನೊಂದು ರೋಗ ಬರ್ತದ."

ಈ ಕೆಲಸದ ಮೊದಲ ಪಾಠವೆಂದರೆ, ಅಕ್ಷರಕ್ಕೆ ಮುಂಚೆ ಬರುವ ಉಸಿರನ್ನು ಕತ್ತರಿಸಿ ಎಸೆಯುವುದು. ಹೇಳುವವರು ಎಷ್ಟೇ ಜಾಗರೂಕರಾಗಿರಲಿ, ಬಾಯಿ ತೆರೆಯುವ ಮೊದಲು ಒಂದು ಸಣ್ಣ ಸೆಳೆತ ಇದ್ದೇ ಇರುತ್ತದೆ. ಅದು ಕಸ. ಅಂಗಳ ಗುಡಿಸಿದ ಹಾಗೆ ಎಲ್ಲ ಗುಡಿಸಿ ಹಾಕಿದರೇ ದನಿ ಸ್ವಚ್ಛ. ಹಾಗೆಂದು ಕಲಿತಿದ್ದೆ, ಹಾಗೆಯೇ ಮಾಡುತ್ತಿದ್ದೆ.

ಇನ್ನು ಗುರುಬಾಯಕ್ಕನ ವಿಷಯ. ನಮ್ಮ ಸೀಮೆಯಲ್ಲಿ ಹರದೇಶಿ–ನಾಗೇಶಿ ಎಂಬ ಹಾಡಿನ ಜಗಳವಿದೆ. ಎರಡು ಮೇಳ. ಹರದೇಶಿಯವರು ಗಂಡು ದೊಡ್ಡದೆನ್ನುತ್ತಾರೆ, ನಾಗೇಶಿಯವರು ಹೆಣ್ಣು ದೊಡ್ಡದೆನ್ನುತ್ತಾರೆ. ಒಬ್ಬರು ಹಾಡಿನಲ್ಲಿ ಸವಾಲು ಹಾಕಿದರೆ ಇನ್ನೊಬ್ಬರು ಹಾಡಿನಲ್ಲೇ ಜವಾಬು ಕೊಡಬೇಕು. ಇಜೇರಿಯ ಗುರುಬಾಯಕ್ಕ ನಾಗೇಶಿ. ಕೈಯಲ್ಲಿ ದಪ್ಪು ಎಂಬ ಚರ್ಮವಾದ್ಯ ಹಿಡಿದು ಮುಂದೆ ನಿಂತು ಸಾಲು ಎತ್ತುವವಳು. ಚಂದಮ್ಮ ಆಕೆಯ ಹಿಂದಿನ ದನಿ. ಹಿಂದಿನ ದನಿಯವರು ಎಂದೂ ಸಾಲು ಎತ್ತುವುದಿಲ್ಲ. ಮುಂದಿನವರ ಸಾಲು ಮುಗಿಯುವಲ್ಲಿ ಅದರ ಬಾಲ ಹಿಡಿದು "ಜೀ" ಎಂದು ಎಳೆದು, ಮುಂದಿನವರಿಗೆ ಉಸಿರಾಡಲು ಹೊತ್ತು ಮಾಡಿಕೊಡುವುದಷ್ಟೇ ಅವರ ಕೆಲಸ. ಮದುವೆಯಾಗಿ ಇಜೇರಿಗೆ ಬಂದ ವರ್ಷದಿಂದ ಚಂದಮ್ಮ ಮಾಡಿದ್ದು ಅದೊಂದನ್ನೇ. ಎದುರಿಗೆ ಹರದೇಶಿ ಸಾಯಬಣ್ಣ ಕಾಕಾ. ಗಡಿಯ ಊರಿನವನಾದ್ದರಿಂದ ಬಯ್ಯುವಾಗ ಮರಾಠಿ, ಹಾಡುವಾಗ ಕನ್ನಡ. ಅವರಿಬ್ಬರ ಜಗಳ ಕೇಳಲು ಜನ ಜೇವರ್ಗಿಯಿಂದ, ಆಳಂದದಿಂದ ಟಂಟಂ ರಿಕ್ಷಾ ಮಾಡಿಕೊಂಡು ಬರುತ್ತಿದ್ದರು.

ನಾನು ಕಟ್ಟೆಯ ಮೇಲೆ ನಿಂತದ್ದಕ್ಕೆ ಒಂದು ವರ್ಷ ಮೊದಲು, ಶ್ರಾವಣದಲ್ಲಿ, ಸೊನ್ನದ ಇದೇ ಕಟ್ಟೆಯ ಮೇಲೆ ಸಾಯಬಣ್ಣ ಕಾಕಾ ಒಂದು ಸವಾಲು ಹಾಕಿದ್ದ. ಭೀಮೆ ಅಲ್ಲೇ ಹಿಂದೆ, ಬ್ಯಾರೇಜಿನ ಗೇಟುಗಳ ಕೆಳಗೆ ಸದ್ದು ಮಾಡುತ್ತ ಹರಿಯುತ್ತಿದ್ದಳು. ಆಕೆಯತ್ತ, ಆಮೇಲೆ ದಂಡೆಯತ್ತ ಕೈ ಮಾಡಿ ಹಾಡಿದ:

ಹರಿಯಾಕಿ ಹೊಳಿ ಖರೆ, ಹಿಡಿಯಾಂವ ದಂಡಿ,
ದಂಡಿ ಬಿಟ್ಟರ ಹೊಳಿಗಿ ಹೆಸರೇನ ಹೇಳ?

ಗುರುಬಾಯಕ್ಕ ದಪ್ಪು ಎತ್ತಿದಳು, ಬಾಯಿ ತೆರೆದಳು. ದನಿ ಬರಲಿಲ್ಲ. ಬಂದದ್ದು ಹರಿದ ಬಟ್ಟೆಯ ಸದ್ದು. ಇನ್ನೊಮ್ಮೆ ಯತ್ನಿಸಿದಳು, ಅದೂ ಇಲ್ಲ. ಜವಾಬು ಗೊತ್ತಿಲ್ಲದೆ ಗಂಟಲು ಕಟ್ಟಿತೆಂದು ಜನ ನಕ್ಕರು. ನಮ್ಮಲ್ಲಿ ಕಟ್ಟಳೆ ಏನೆಂದರೆ, ಸವಾಲು ಉಳಿದರೆ ಆ ಮೇಳದವರು ದಪ್ಪನ್ನು ಮಗುಚಿ ಇಡಬೇಕು. ಅದೇ ಜಾಗದಲ್ಲಿ, ಸವಾಲು ಕೇಳಿಸಿಕೊಂಡ ಬಾಯಿಯೇ ಜವಾಬು ಹೇಳುವವರೆಗೆ ಅದನ್ನು ಯಾವ ಊರಲ್ಲೂ ನೆಟ್ಟಗೆ ಮಾಡುವಂತಿಲ್ಲ. ಬೇರೆಯವರು ಹೇಳಿಕೊಟ್ಟರೆ ನಡೆಯುವುದಿಲ್ಲ, ಬೇರೆಯವರು ಹೇಳಿದರಂತೂ ಮಾನವೇ ಹೋಯಿತು. ಗುರುಬಾಯಕ್ಕ ದಪ್ಪು ಮಗುಚಿಟ್ಟು ಇಳಿದು ಹೋದಳು.

ಹೋದವಳು ನೇರ ಬಂದದ್ದು ನನ್ನ ಅಂಗಡಿಗೆ, ಚಪ್ಪರಿಸುವ ಗುಳಿಗೆ ಕೇಳಿಕೊಂಡು. ಕೊಟ್ಟೆ. ದೀಪಾವಳಿಯ ಹೊತ್ತಿಗೂ ಅದೇ ಗುಳಿಗೆ ಕೇಳಿದಾಗ ನನಗೆ ಹೆದರಿಕೆಯಾಯಿತು, ಸೊಲ್ಲಾಪುರಕ್ಕೆ ಹೋಗಿ ತೋರಿಸಲು ಹೇಳಿದೆ. ಗಂಟಲಲ್ಲಿ ಗಡ್ಡೆ. ಬದುಕಬೇಕೆಂದರೆ ದನಿಪೆಟ್ಟಿಗೆಯನ್ನೇ ತೆಗೆಯಬೇಕು, ಕೊರಳಿನಲ್ಲೊಂದು ತೂತು ಮಾಡಿ ಅಲ್ಲಿಂದ ಉಸಿರಾಡುವಂತೆ ಮಾಡಬೇಕು ಎಂದರಂತೆ. ತಿರುಗಿ ಬಂದು ಅಂಗಡಿಯ ಮೆಟ್ಟಿಲ ಮೇಲೆ ಕೂತು, ಇದ್ದಷ್ಟು ದನಿಯಲ್ಲಿ ಕೇಳಿದಳು.

"ಡಾಕ್ಟರ, ನೀವು ಅಕ್ಷರ ಜೋಡಿಸಿ ಹಾಡಸ್ತೀರಂತ, ಖರೆನ?"

"ಖರೆ ಅಕ್ಕಾರ."

"ನಂಗ ಈಗ ಸಾಲ ಬರಾಂಗಿಲ್ಲ. ನಡುವಽ ಹರೀತದ. ಆದ್ರ ಮುಂಜಾನಿ ಚಹಾ ಕುಡದ ಮ್ಯಾಲ ಜರಾ ಹೊತ್ತು ಒಂದೊಂದು ಅಕ್ಷರ ಬರ್ತದ. ಜವಾಬ ನನ್ನ ಹತ್ರ ಅದ. ಅವತ್ತೂ ಇತ್ತು. ಮಂದಿ ತಿಳದಂಗ ಅಲ್ಲ. ಅದನ್ನ ಸೊನ್ನದಾಗ ನನ್ನ ದನೀಲೇ ಹೇಳಬೇಕು. ಇಲ್ಲಂದ್ರ ಈ ದಪ್ಪು ನನ್ನ ಸಂಗಾಟ ಮಗುಚೇ ಹೋಗ್ತದ."

ಶಸ್ತ್ರಚಿಕಿತ್ಸೆಗೆ ಮುಂಚಿನ ವಾರವಿಡೀ ಮುಂಜಾನೆ ಮುದ್ರಣ ನಡೆಯಿತು. ಅಂಗಡಿಯ ಹಿಂದಿನ ಕೋಣೆಯಲ್ಲಿ ಅರಳೆಯ ಕಟ್ಟುಗಳನ್ನು ಗೋಡೆಗೆ ಪೇರಿಸಿದರೆ ಹೊರಗಿನ ಬಸ್ಸಿನ ಸದ್ದೂ ಒಳಗೆ ಬರುವುದಿಲ್ಲ. ಆ ಹೊಸ ಅರಳೆಯ ವಾಸನೆ ಇಂದಿಗೂ ಮೂಗಿಗೆ ಬಡಿದರೆ ನನಗೆ ಕಾಗುಣಿತ ಕೇಳಿಸುತ್ತದೆ. ಮೊದಲ ದಿನ ಪೂರಾ ಹಾಳಾಯಿತು. ಆಕೆ ಸಾಲೆಯಲ್ಲಿ ಕಲಿತ ಹಾಗೆಯೇ, ಮೈ ತೂಗುತ್ತ, "ಕ ಕಾ ಕಿ ಕೀ" ಎಂದು ಏರಿಸಿ ಇಳಿಸಿ ರಾಗವಾಗಿ ಹೇಳಿಬಿಟ್ಟಳು. ಯಂತ್ರಕ್ಕೆ ಬೇಕಾದದ್ದು ಏರಿಳಿತವಿಲ್ಲದ ಅಕ್ಷರ. "ಅಕ್ಕಾರ, ನೆಟ್ಟಗ ಒಂದಽ ಧಾಟ್ಯಾಗ ಹೇಳ್ರಿ" ಎಂದರೆ, "ಮಾಸ್ತರ ಹೊಡೀತಿದ್ರು, ಹಂಗ ಹೇಳಿದ್ರ" ಎಂದು ನಕ್ಕಳು. ನಗು ಕೆಮ್ಮಾಯಿತು, ಕೆಮ್ಮು ಬಹಳ ಹೊತ್ತು ನಿಲ್ಲಲಿಲ್ಲ. ಆಮೇಲೆ ನಾನು ತಿದ್ದುವುದನ್ನು ಕಡಿಮೆ ಮಾಡಿದೆ.

ಎರಡನೆಯ ದಿನದಿಂದ ಚಂದಮ್ಮನೂ ಬಂದಳು. ಬೇಡವೆಂದೆ. ಗುರುಬಾಯಕ್ಕ ಕೇಳಲಿಲ್ಲ. "ಆಕಿ ಬೆನ್ನಿಗಿ ಇಲ್ದ ನನಗ ದನೀನೇ ಏಳಂಗಿಲ್ರಿ." ಚಂದಮ್ಮ ಹಿಂದೆ ಅರಳೆ ಕಟ್ಟಿನ ಮೇಲೆ ಕೂತಳು. ಗುರುಬಾಯಕ್ಕ "ಕಾ" ಎಂದು ಎಳೆದರೆ ಅದರ ತುದಿಗೆ ಚಂದಮ್ಮನ "ಜೀ" ತಾನಾಗಿ ಬರುತ್ತಿತ್ತು. ನಾನು ಕೈಸನ್ನೆ ಮಾಡಿದರೆ ನಾಲಿಗೆ ಕಚ್ಚಿಕೊಳ್ಳುತ್ತಿದ್ದಳು. "ಏ ಚಂದಿ, ಬಾಯಿಗಿ ಸೆರಗ ತುರುಕ್ಕೊ ಬೇ" ಎಂದು ಗುರುಬಾಯಕ್ಕ ಗದರಿದರೆ, ನಿಜವಾಗಿಯೂ ಸೆರಗನ್ನು ಬಾಯಿಗೆ ಒತ್ತಿಕೊಂಡು ಕೂತಳು. ಆಮೇಲೆ ನನಗೇನೂ ಕೇಳಿಸಲಿಲ್ಲ. ವಾರ ಮುಗಿಯುವುದರೊಳಗೆ ಕಾಗುಣಿತ ಮುಗಿಯಿತು. ಗುರುಬಾಯಕ್ಕ ಸೊಲ್ಲಾಪುರಕ್ಕೆ ಹೋದಳು. ದನಿ ಬಿಟ್ಟು ಬಂದಳು.

ನಾನು ಗೆರೆ ಎಳೆಯಲು ಕೂತದ್ದು ಅದಾದ ಮೇಲೆ. ಪ್ರತಿ ದೀರ್ಘ ಸ್ವರದ ತುದಿಯಲ್ಲಿ, ಗುರುಬಾಯಕ್ಕನ ದನಿ ಇಳಿಯುವಲ್ಲಿ, ಲ್ಯಾಪ್‌ಟಾಪಿನ ತೆರೆಯ ಮೇಲೆ ಇನ್ನೊಂದು ತೆಳುವಾದ ಅಲೆ ಕಾಣಿಸಿತು. ಕಿವಿಗೆ ಹತ್ತಿರ ಹಿಡಿದು ಕೇಳಿದೆ. ಮುಚ್ಚಿದ ಬಾಯಿ, ಸೆರಗಿನ ಹಿಂದಿನ ಗುಂಯ್. ಚಂದಮ್ಮ ಸುಮ್ಮನಿದ್ದಳು, ಆಕೆಯ ಅಭ್ಯಾಸ ಸುಮ್ಮನಿರಲಿಲ್ಲ. ಹಾಡುವ ಯಂತ್ರ ಎಳೆಯುವುದು ಸ್ವರದ ಆ ಭಾಗವನ್ನೇ. ಅಂದರೆ ಹಾಡಿದಾಗಲೆಲ್ಲ ಇಬ್ಬರೂ ಹಾಡುತ್ತಾರೆ. ಮತ್ತೆ ಮುದ್ರಿಸೋಣವೆಂದರೆ ಗಂಟಲೇ ಇಲ್ಲ.

ಇದೇ ಹೊತ್ತಿಗೆ ಸೊನ್ನದಿಂದ ಮಾತು ಬಂದಿತ್ತು. ಅಲ್ಲಿಯ ಹಾಡಿಕೆಗೆ ಪಂಚರಾಗಿ ಕೂಡುವವರು ನಾಗಪ್ಪ ಮಾಸ್ತರು, ನಿವೃತ್ತರು. ಅವರು ಸಾಯಬಣ್ಣ ಕಾಕಾನನ್ನು ಕೇಳಿದ್ದರು, ಯಂತ್ರದಿಂದ ಜವಾಬು ಕೊಟ್ಟರೆ ಒಪ್ಪುತ್ತೀಯೋ ಎಂದು. ಆತ ಒಂದು ದಿನ ಯೋಚಿಸಿ ಹೇಳಿ ಕಳಿಸಿದ್ದು ಇಷ್ಟು: "ಡಬ್ಬಿಯಿಂದ ಬರ್ಲಿ, ಡೋಲಿಯಿಂದ ಬರ್ಲಿ. ಆಕಿ ದನಿ ಆದ್ರ ಆಕೀದೇ ಜವಾಬ. ಅದ್ರಾಗ ಬ್ಯಾರೇದವರ ಒಂದು ಎಳಿ ದನಿ ಇದ್ರೂ ನಾ ಒಪ್ಪಂಗಿಲ್ಲ."

ಆ ಒಂದು ಎಳೆ ನನ್ನ ತೆರೆಯ ಮೇಲೆ ಕುಣಿಯುತ್ತಿತ್ತು. ತೆಗೆಯಲು ಪ್ರಯತ್ನಿಸಿದೆ. ಒಂದು ಸೋಸಣಿಗೆಯಲ್ಲಿ ಸೋಸಿದರೆ ಚಂದಮ್ಮ ಹೋದಳು, ಜೊತೆಗೆ ಗುರುಬಾಯಕ್ಕನೂ ಅರ್ಧ ಹೋದಳು. ಉಳಿದದ್ದು ತಗಡಿನ ಮೇಲೆ ಉಗುರು ಎಳೆದಂಥ ದನಿ. ಗುರುಬಾಯಕ್ಕ ಆಸ್ಪತ್ರೆಯಿಂದ ಬಂದಮೇಲೆ ಎರಡನ್ನೂ ಕೇಳಿಸಿದೆ. ಕೊರಳಿಗೆ ಬಿಳಿ ಬಟ್ಟೆ ಕಟ್ಟಿಕೊಂಡು ಕಣ್ಣು ಮುಚ್ಚಿ ಕೇಳಿದಳು. ಸೋಸಿದ್ದನ್ನು ಕೇಳುವಾಗ ಮುಖ ಗಂಟು ಹಾಕಿದಳು. ಸೋಸದಿದ್ದುದನ್ನು ಕೇಳಿ ಅದರತ್ತ ಬೆರಳು ಮಾಡಿದಳು. "ಅಕ್ಕಾರ, ಇದ್ರಾಗ ಚಂದಮ್ಮ ಅದಾಳ. ಸಾಯಬಣ್ಣ ಕಾಕಾಂದು ಕರಾರು ಗೊತ್ತಲ್ರಿ?" ಎಂದೆ. ಮತ್ತೆ ಅದರತ್ತಲೇ ಬೆರಳು ಮಾಡಿದಳು. ಚಂದಮ್ಮನಿಗೆ ಹೇಳಬೇಡವೆಂದು ಸನ್ನೆ ಮಾಡಿದಳು.

ಹೀಗೆ ಆ ಗುಟ್ಟು ನಮ್ಮಿಬ್ಬರ ನಡುವೆ ಉಳಿಯಿತು. ಒಬ್ಬಳಿಗೆ ಮಾತಿಲ್ಲ, ಇನ್ನೊಬ್ಬನಿಗೆ ಧೈರ್ಯವಿಲ್ಲ.

ತಾಲೀಮಿನಲ್ಲಿ ಇನ್ನೊಂದು ತೊಂದರೆ ಎದ್ದಿತು. ಯಂತ್ರ ಹಾಡಿದಾಗ ಸಾಲಿನ ಬಾಲಕ್ಕೆ ಚಂದಮ್ಮ "ಜೀ" ಎನ್ನಬೇಕಲ್ಲ, ಆಕೆಗೆ ಹೊಂದುತ್ತಲೇ ಇರಲಿಲ್ಲ. ಒಮ್ಮೆ ಮುಂಚೆ, ಒಮ್ಮೆ ತಡ. ಮುಂದಿನವಳ ನೆರಳಿನ ಹಾಗೆ ಬದುಕಿದ ಹೆಂಗಸು ಹೊಸ ಸೊಸೆಯಂತೆ ತಡವರಿಸಿದಳು. ಸಾಲುಗಳ ನಡುವೆ ಹೆಚ್ಚು ಜಾಗ ಬಿಟ್ಟುಕೊಟ್ಟೆ, ಆಗಲೂ ಹಾಗೆಯೇ. ಕೊನೆಗೆ ಆಕೆ ಅಳುದನಿಯಲ್ಲಿ ಹೇಳಿದಳು: "ಇದು ಉಸುರ ತಗೋಳಂಗಿಲ್ಲಲ್ರಿ ಡಾಕ್ಟರ! ಯಾವಾಗ ಏಳ್ತದ, ಯಾವಾಗ ಇಳೀತದ, ನಂಗ ಹ್ಯಾಂಗ ತಿಳೀಬೇಕು?" ನಾನು ಉಸಿರನ್ನೆಲ್ಲ ಗುಡಿಸಿ ಹಾಕಿದ್ದೆನಲ್ಲ. ಯಂತ್ರ ಹೀಗೇ ಇರುತ್ತದೆ, ರೂಢಿ ಮಾಡಿಕೋ ಎಂದುಬಿಟ್ಟೆ. "ಅಂದು ನೀ ಸುಮ್ನ ನಿಂತ್ರೂ ನಡೀತದ" ಎಂದೂ ಹೇಳಿದೆ. ಆಕೆಯ ಮುಖ ಸಣ್ಣದಾಯಿತು.

ಈಗ ಮತ್ತೆ ಕಟ್ಟೆಯ ಮೇಲೆ ಬನ್ನಿ. ಈ ಹಾಡಿಕೆ ಯಾವಾಗಲೂ ರಾತ್ರಿಯದು. ಗುರುಬಾಯಕ್ಕನಿಗೆ ನಿದ್ದೆಗೆಡಲಾಗದೆಂದು ಅಂದು ಹಗಲಿಗೆ ಇಟ್ಟಿದ್ದರು. ಮೋಡವಿತ್ತು, ಮಳೆ ಇರಲಿಲ್ಲ. ಬ್ಯಾರೇಜಿನ ಗೇಟು ತೆಗೆದಿದ್ದರು, ನೀರಿನ ಸದ್ದು ಬಿಡುವಿಲ್ಲದೆ ಬರುತ್ತಿತ್ತು. ಕಟ್ಟೆಯ ನಡುವೆ ಕಂಬಳಿಯ ಮೇಲೆ ದಪ್ಪು ಮಗುಚಿ ಇತ್ತು. ಧ್ವನಿವರ್ಧಕದ ಇಮಾಮಸಾಬ ತಂತಿ ಜೋಡಿಸಿಕೊಟ್ಟು, "ನಾ ಇಲ್ಲೇ ಅದೇನಿ, ಹೆದರಬ್ಯಾಡ್ರಿ" ಎಂದು ನನ್ನ ಹಿಂದೆ ನಿಂತ.

ಸಾಯಬಣ್ಣ ಕಾಕಾ ಪದ್ಧತಿಯಂತೆ ಹಳೆಯ ಸವಾಲನ್ನು ಇನ್ನೊಮ್ಮೆ ಹಾಡಿದ. ಮುಗಿಸಿ, "ಏನ ಬೇ ನಾಗೇಶಿ, ವರ್ಷ ತಗೊಂಡಿ, ಹೊಳಿಗಿ ಹೆಸರು ಸಿಗ್ತೇನು?" ಎಂದು ಮೀಸೆ ಒರೆಸಿಕೊಂಡ. ಜನ ನಕ್ಕರು. ಗುರುಬಾಯಕ್ಕ ನನ್ನತ್ತ ತಲೆಯಾಡಿಸಿದಳು. ಗುಂಡಿ ಒತ್ತಿದೆ.

ಹೊಳಿ ಬರೂ ಮೊದಲಿಗಿ ದಂಡೀಯ ಹೆಸರೇನ?
ಹೊಲ ಅಂತ ಕರದಾರ, ದಂಡಿ ಅಂದಿಲ್ಲ.
ಹರದಾಕಿ ಹರದಾಳ, ಎರಡ ದಂಡಿ ಹಡದಾಳ,
ಹಡದಾಕಿ ಹೆಸರ ಮಗ ಕೇಳಬಾರದಣ್ಣ.

ಮೊದಲ ಸಾಲಿಗೆ ಹೆಂಗಸರ ಕಡೆಯಿಂದ "ಅಯ್ಯ ಶಿವನೇ" ಎಂಬ ಉದ್ಗಾರ ಬಂತು. ಹಾಡಿದ ದನಿ ಗುರುಬಾಯಕ್ಕನದೇ. ಆಕೆ ಅಲ್ಲೇ ತುಟಿ ಮುಚ್ಚಿ ನಿಂತಿದ್ದಳು, ಆಕೆಯ ದನಿ ಪೆಟ್ಟಿಗೆಯಿಂದ ಬರುತ್ತಿತ್ತು. ಮೂರನೆಯ ಸಾಲಿನ ಹೊತ್ತಿಗೆ ಸೀಟಿ ಬಿದ್ದವು. ನಾಲ್ಕನೆಯದಕ್ಕೆ ಇಡೀ ಅಂಗಳ ಎದ್ದು ನಿಂತಿತು. "ಏ ಕಾಕಾ, ಹೊಲಕ್ಕ ಹೋಗೋ ಇನ್ನ!" ಎಂದು ಯಾರೋ ಕೂಗಿದರು. ಚಂದಮ್ಮ ಸೆರಗನ್ನು ಬಾಯಿಗಿಟ್ಟುಕೊಂಡು ಸುಮ್ಮನೆ ನಿಂತಿದ್ದಳು, ನಾನು ಹೇಳಿದ ಹಾಗೆ.

ನಾನು ನೋಡುತ್ತಿದ್ದುದು ಸಾಯಬಣ್ಣ ಕಾಕಾನನ್ನು. ಆತ ಎರಡನೆಯ ಸಾಲಿನಲ್ಲೇ ತಲೆ ಓರೆ ಮಾಡಿದ್ದ. ಈಗ ಕೈ ಎತ್ತಿದ. ಗದ್ದಲ ಒಮ್ಮೆಲೇ ನಿಲ್ಲಲಿಲ್ಲ, ಆತ ಕೈ ಇಳಿಸಲೂ ಇಲ್ಲ. ಕೊನೆಗೆ ನೀರಿನ ಸದ್ದಷ್ಟೇ ಉಳಿಯಿತು.

"ಜವಾಬ ಚಲೋ ಅದ," ಎಂದ. "ಅದಕ್ಕ ನಂದೇನೂ ತಕರಾರಿಲ್ಲ. ದನೀದು ಅದ. ಮಾಸ್ತರ್ರೇ, ಇದು ಒಬ್ಬಾಕಿ ದನಿ ಅಲ್ಲ."

"ಸೋತಿ ಅಂತ ಒಪ್ಕೊಳ್ಳೋ ಮುದುಕಾ!" ಎಂದು ಅಂಗಳದಿಂದ ಯಾರೋ ಕೂಗಿದರು.

"ಸುಮ್ನಿರ್ರೋ," ಎಂದರು ನಾಗಪ್ಪ ಮಾಸ್ತರು. ನನ್ನತ್ತ ತಿರುಗಿದರು. "ಡಾಕ್ಟರ, ಇದನ್ನ ಮಾಡಿದವರು ನೀವು. ಗುಡಿ ಮುಂದ ನಿಂತೀರಿ. ಹೇಳ್ರಿ."

ನಾನು ಗುರುಬಾಯಕ್ಕನನ್ನು ನೋಡಿದೆ. ಆಕೆ ನನ್ನನ್ನೇ ನೋಡುತ್ತಿದ್ದಳು. ಹೇಳು ಎಂದೂ ಇಲ್ಲ, ಬೇಡ ಎಂದೂ ಇಲ್ಲ. ಕೊರಳಿನ ಬಿಳಿ ಬಟ್ಟೆ ಉಸಿರಿಗೆ ಒಳಗೂ ಹೊರಗೂ ಆಡುತ್ತಿತ್ತು. ಇಲ್ಲ ಎಂದಿದ್ದರೆ ತೆರೆಯ ಮೇಲಿನ ಆ ಅಲೆಯನ್ನು ಓದಿ ನೋಡುವವರು ಅಲ್ಲಿ ಯಾರೂ ಇರಲಿಲ್ಲ. ದಪ್ಪು ನೆಟ್ಟಗಾಗುತ್ತಿತ್ತು. ಹೌದು ಎಂದರೆ, ಒಂದು ವರ್ಷ ಆಕೆ ಬದುಕಿದ್ದು ಯಾತಕ್ಕೋ ಅದು ನನ್ನ ಬಾಯಿಂದಲೇ ಮುರಿಯುತ್ತಿತ್ತು.

"ಇಬ್ಬರದ್ದು ಅದ್ರಿ," ಎಂದೆ. ಇಮಾಮಸಾಬನ ಮೈಕು ಎಲ್ಲೋ ಹತ್ತಿರವೇ ಇದ್ದಿರಬೇಕು, ನನ್ನ ಮಾತು ಊರಿಗೆಲ್ಲ ಕೇಳಿಸಿತು. "ಅಕ್ಷರ ಅಕ್ಕಾರವು. ತುದೀಗಿ ಚಂದಮ್ಮನ ದನಿ ಸೇರ್ಯಾದ. ತೆಗ್ಯಾಕ ಬರ್ಲಿಲ್ಲ."

ಚಂದಮ್ಮ ಕೂತುಬಿಟ್ಟಳು. "ಬಾಯಿ ಮುಚ್ಚೀನ್ರಿ, ಬಸವಣ್ಣನ ಆಣಿ, ಸೆರಗ ತುರುಕ್ಕೊಂಡಿದ್ನಿ. ಅಕ್ಕಾ, ನಾ ಕೆಡಿಸಿದ್ನೇನ?" ಗುರುಬಾಯಕ್ಕ ತಿರುಗಿ ನೋಡಲಿಲ್ಲ. ಹಿಂದೆ ಕೈ ಚಾಚಿ ಆಕೆಯ ರಟ್ಟೆ ಹಿಡಿದು ಎಬ್ಬಿಸಿದಳು, ತನ್ನ ಬಗಲಿಗೆ ತಂದು ನಿಲ್ಲಿಸಿದಳು. ಮುಂದೆ, ತನ್ನ ಸಾಲಿನಲ್ಲಿ. ನಾನು ಕಂಡಂತೆ ಚಂದಮ್ಮ ಮುಂದೆ ನಿಂತದ್ದು ಅದೇ ಮೊದಲು. ಜನರನ್ನು ನೋಡಲಾರದೆ ಕಾಲಬೆರಳು ನೋಡಿದಳು.

ಸಾಯಬಣ್ಣ ಕಾಕಾ ಇಬ್ಬರನ್ನೂ ನೋಡಿದ. ಆಮೇಲೆ ಆತ ಕೇಳಿದ್ದು ಮಾಸ್ತರರನ್ನಲ್ಲ, ನನ್ನನ್ನೂ ಅಲ್ಲ.

"ಗುರುಬಾಯಿ, ಹೋದ ಶ್ರಾವಣದಾಗ ನಾ ಸವಾಲ ಹಾಕಿದ್ದು ಯಾರಿಗಿ? ಒಬ್ಬಾಕಿಗೇನು, ಇಬ್ಬರಿಗೇನು?"

ಗುರುಬಾಯಕ್ಕ ಎರಡು ಬೆರಳು ಎತ್ತಿದಳು.

"ಇಷ್ಟು ವರ್ಷ ಹಾಕಿದ್ದು?"

ಬೆರಳು ಇಳಿಯಲಿಲ್ಲ.

"ಮತ್ತ ನನಗ ಒಬ್ಬಾಕೀದೇ ಕೇಳಿಸ್ತಿತ್ತಲ್ಲ," ಎಂದು ಆತ ತನಗೇ ಹೇಳಿಕೊಂಡ ಹಾಗೆ ಹೇಳಿದ. ನಂತರ ದನಿ ಗಟ್ಟಿ ಮಾಡಿದ. "ಹಂಗಾರ ಕೇಳಿಸಿಕೊಂಡ ಬಾಯಿ ಎರಡ. ಒಂದು ಬಾಯಿಗಿ ದೇವರು ಚೀಲ ಕಟ್ಯಾನ, ಅದು ಡಬ್ಬ್ಯಾಗಿಂದ ಹೇಳ್ತು, ಅದನ್ನ ಒಪ್ಪೇನಿ. ಇನ್ನೊಂದು ಬಾಯಿ ನೆಟ್ಟಗಽ ಅದ. ಅದು ಹೇಳ್ಲಿ. ಸಾಲ ಎತ್ತಿ ಹೇಳ್ಲಿ. ಹೇಳಿದ್ರ ದಪ್ಪು ಎತ್ರಿ. ಇಲ್ಲಂದ್ರ ಹಂಗಽ ಇರ್ಲಿ."

ಮಾಸ್ತರು ಹೌದೆಂದು ತಲೆಯಾಡಿಸಿದರು. ಕಟ್ಟಳೆ ತಪ್ಪದ ಮಾತು ಅದು. ನನಗೆ ಮಾತ್ರ, ಇದಕ್ಕಿಂತ ಕ್ರೂರವಾದದ್ದನ್ನು ಯಾರೂ ಕೇಳಲಾರರು ಎನಿಸಿತು.

ಚಂದಮ್ಮ ಬಾಯಿ ತೆರೆದಳು. ಏನೂ ಬರಲಿಲ್ಲ. ಮಾತು ಮರೆತಿರಲಿಲ್ಲ, ತುಟಿ "ಹೊಳಿ" ಎಂಬ ಆಕಾರಕ್ಕೆ ಬಂದು ನಿಂತಿತ್ತು. ಸಾಲು ಎತ್ತುವುದು ಹೇಗೆಂದು ಆಕೆಗೆ ಗೊತ್ತಿರಲಿಲ್ಲ. ಅಂಗಳದಲ್ಲಿ ಒಂದು ನಗು ಕೇಳಿತು, ಅರ್ಧಕ್ಕೇ ನಿಂತಿತು. ನನ್ನ ಬೆರಳು ಗುಂಡಿಯ ಮೇಲಿತ್ತು. ಯಂತ್ರದಿಂದ ಮೊದಲ ಅಕ್ಷರ ಕೊಟ್ಟರೆ ಬಾಲ ಹಿಡಿದು ಬಂದಾಳು ಎಂದುಕೊಂಡೆ. ಒತ್ತಬೇಕೆನ್ನುವಷ್ಟರಲ್ಲಿ ಗುರುಬಾಯಕ್ಕ ಕೈ ಚಾಚಿ ಲ್ಯಾಪ್‌ಟಾಪನ್ನು ಮುಚ್ಚಿದಳು. ಮೆಲ್ಲಗೆ, ನನ್ನ ಬೆರಳಿಗೆ ನೋವಾಗದ ಹಾಗೆ. ನಾನು ಆ ಕೈಯನ್ನು ಬಾಯಿಗೆ ಇಟ್ಟುಕೊಂಡೆ. ಗಿರಾಕಿಯ ಮೊಬೈಲಿನಲ್ಲಿ ಕಾಣುವುದು ಅದೇ, ತುಣುಕು ಮುಗಿಯುವುದೂ ಅಲ್ಲಿಗೇ.

ಮುಂದಿನದನ್ನು ನಾನು ಕೈ ಚಾಚಿದರೆ ಸಿಗುವಷ್ಟು ಹತ್ತಿರದಿಂದ ಕೇಳಿದ್ದೇನೆ.

ಗುರುಬಾಯಕ್ಕ ಕೊರಳಿನ ಬಟ್ಟೆಯನ್ನು ಎರಡು ಬೆರಳಿನಿಂದ ಬದಿಗೆ ಸರಿಸಿದಳು. ಎದೆ ಉಬ್ಬಿತು. ಹಾಡು ಎತ್ತುವ ಮೊದಲು ಯಾವಾಗಲೂ ತೆಗೆದುಕೊಳ್ಳುತ್ತಿದ್ದ ಆ ಉದ್ದನೆಯ ಉಸಿರನ್ನು ಆ ತೂತಿನಿಂದ ಒಳಗೆ ಸೆಳೆದಳು. ಒಣ ಎಲೆ ಎಳೆದಂಥ ಸಣ್ಣ ಸದ್ದು. ಮೂರನೆಯ ಸಾಲಿನಲ್ಲಿ ಕೂತವರಿಗೂ ಅದು ಕೇಳಿಸಿರಲಾರದು.

ಚಂದಮ್ಮನಿಗೆ ಕೇಳಿಸಿತು. ಆ ಉಸಿರು ತುಂಬಿ ನಿಂತ ತಕ್ಷಣ, ಎತ್ತಬೇಕಾದ ಜಾಗಕ್ಕೆ ಕೂದಲೆಳೆಯಷ್ಟೂ ಹೆಚ್ಚುಕಡಿಮೆಯಿಲ್ಲದೆ, ಆಕೆ ಸಾಲು ಎತ್ತಿದಳು. ಒಡಕು ದನಿ, ಗುರುಬಾಯಕ್ಕನ ಗತ್ತು ಅದರಲ್ಲಿರಲಿಲ್ಲ. ಹೊಳಿ ಬರೂ ಮೊದಲಿಗಿ ದಂಡೀಯ ಹೆಸರೇನ. ಸಾಲಿನ ತುದಿಯಲ್ಲಿ ಗುರುಬಾಯಕ್ಕನ ತುಟಿ ಸದ್ದಿಲ್ಲದೆ "ಜೀ" ಎಂದಿತು, ಮತ್ತೆ ಎದೆ ಉಬ್ಬಿತು, ಮತ್ತೆ ಆ ಎಲೆಯ ಸದ್ದು, ಮತ್ತೆ ಚಂದಮ್ಮ. ನಾಲ್ಕೂ ಸಾಲು ಹೀಗೇ ನಡೆದವು. "ಹಡದಾಕಿ ಹೆಸರ ಮಗ ಕೇಳಬಾರದಣ್ಣ" ಎನ್ನುವಾಗ ಚಂದಮ್ಮ ತಲೆ ಎತ್ತಿ ಸಾಯಬಣ್ಣ ಕಾಕಾನ ಮುಖಕ್ಕೇ ಹೇಳಿದಳು.

ಯಾರೂ ಸೀಟಿ ಹೊಡೆಯಲಿಲ್ಲ. ಸಾಯಬಣ್ಣ ಕಾಕಾ ನಡೆದು ಬಂದ, ಮಂಡಿಯೂರಿದ, ಕಂಬಳಿಯ ಮೇಲಿನ ದಪ್ಪನ್ನು ತಾನೇ ಎತ್ತಿ ನೆಟ್ಟಗೆ ಮಾಡಿದ. ಯಾರ ಕೈಗೆ ಕೊಡುವುದೆಂದು ಒಂದು ಕ್ಷಣ ತಡೆದ. ಗುರುಬಾಯಕ್ಕ ಗಲ್ಲದಿಂದ ಚಂದಮ್ಮನತ್ತ ತೋರಿಸಿದಳು. "ತಗೊ ಬೇ," ಎಂದ ಆತ. "ಇನ್ನ ನಿನ್ನ ಸಂಗಾಟ ಜಗಳ."

ಆ ಜಗಳ ಹೆಚ್ಚು ಕಾಲ ನಡೆಯಲಿಲ್ಲ. ಸಾಯಬಣ್ಣ ಕಾಕಾ ಮರುವರ್ಷ ಹಿರೋಳ್ಳಿಯಲ್ಲಿ ತೀರಿಕೊಂಡ. ಗುರುಬಾಯಕ್ಕ ಈ ಸಲದ ಯುಗಾದಿಗೆ ಮುಂಚೆ.

ಆಕೆಯ ದಿನಕರ್ಮಗಳೆಲ್ಲ ಮುಗಿದ ಮೇಲೆ ಚಂದಮ್ಮ ಅಂಗಡಿಗೆ ಬಂದಳು. ಗುರುಬಾಯಕ್ಕನ ದನಿಯಲ್ಲಿ ಹೊಸ ಹಾಡು ಮಾಡಿಸಿಕೊಳ್ಳಲು ಬಂದಳೆಂದು ನಾನು ಲ್ಯಾಪ್‌ಟಾಪು ತೆರೆದೆ. "ಹಾಡ ಬ್ಯಾಡ್ರಿ," ಎಂದಳು. "ಹಾಡ ನಂಗ ಬರ್ತಾವ. ಅಕ್ಕನ ಉಸುರ ಅದ ಏನ್ರಿ ನಿಮ್ಮ ಹತ್ರ?"

ಇತ್ತು. ಕತ್ತರಿಸಿ ಎಸೆದದ್ದು ಯಂತ್ರದಿಂದ ಮಾತ್ರ, ಅರಳೆಯ ಕೋಣೆಯ ಮೂಲ ಮುದ್ರಣ ಹಾಗೆಯೇ ಇತ್ತು. ಅದರಲ್ಲಿ ಪ್ರತಿ ಅಕ್ಷರದ ಮುಂಚೆ ಗುರುಬಾಯಕ್ಕ ಉಸಿರು ತೆಗೆದುಕೊಳ್ಳುತ್ತಾಳೆ, ಇನ್ನೂ ಗಂಟಲಿನಿಂದ. ಒಂದನ್ನು ಆರಿಸಿ ಚಂದಮ್ಮನ ಮೊಬೈಲಿಗೆ ಹಾಕಿಕೊಟ್ಟೆ. ಆಕೆ ಅದನ್ನು ಕಿವಿಗಿಟ್ಟುಕೊಂಡು ಕೇಳಿ, ತಲೆಯಾಡಿಸಿ, ಸೆರಗಿನ ಗಂಟಿಗೆ ಮೊಬೈಲು ಸಿಕ್ಕಿಸಿಕೊಂಡು ಹೋದಳು. ಅಂದಿನಿಂದ ನಾನು ಮಾಡುವ ದನಿಗಳಲ್ಲಿ ಉಸಿರನ್ನು ಕತ್ತರಿಸುವುದಿಲ್ಲ. ಕೇಳಿದವರು, ಇನ್ನೂ ಸ್ವಚ್ಛ ಮಾಡಬೇಕಿತ್ತು ಎನ್ನುತ್ತಾರೆ. ಇರಲಿ.

ನಿನ್ನೆ ಆ ಗಿರಾಕಿಗೆ ಇಷ್ಟೆಲ್ಲ ಹೇಳಲಾಗಲಿಲ್ಲ. "ಪವಾಡನೋ ಮೋಸನೋ, ಒಂದು ಮಾತು ಹೇಳ್ರಲ್ಲ" ಎಂದು ಅವಸರ ಮಾಡಿದ. ಎರಡೂ ಅಲ್ಲ ಎಂದೆ. ನಂಬದೆ ಹೋದ. ನೀವೂ ನಂಬದಿದ್ದರೆ ನನ್ನೊಬ್ಬನ ಮಾತಿನ ಮೇಲೆ ನಿಲ್ಲಬೇಡಿ. ಕಟ್ಟೆಯ ಮೇಲೆ ನಿಂತು ಇದನ್ನು ಕಂಡವರಲ್ಲಿ, ನನ್ನನ್ನು ಬಿಟ್ಟರೆ, ಇನ್ನೂ ಬದುಕಿರುವವರು ಮೂವರು. ಸೊನ್ನದ ನಾಗಪ್ಪ ಮಾಸ್ತರು. ಈಗ ಕಣ್ಣು ಮಂಜಾಗಿದೆ, ನೆನಪು ಮಂಜಾಗಿಲ್ಲ. ನನ್ನ ಬೆನ್ನ ಹಿಂದೆ ನಿಂತಿದ್ದ ಧ್ವನಿವರ್ಧಕದ ಇಮಾಮಸಾಬ. ಮತ್ತು ಇಜೇರಿಯ ಚಂದಮ್ಮ. ಆಕೆ ಹಾಡಲು ನಿಂತಾಗ, ದಪ್ಪು ಎತ್ತುವ ಮೊದಲು ಮೊಬೈಲನ್ನು ಒಂದು ಗಳಿಗೆ ಕಿವಿಗೆ ಹಿಡಿದಿರುತ್ತಾಳೆ. ಯಾರದೋ ಫೋನು ಬಂದಿರಬೇಕೆಂದು ಜನ ಗೊಣಗುತ್ತಾರೆ. ಆಗ ಕೇಳಬೇಡಿ, ಹಾಡು ಮುಗಿದ ಮೇಲೆ ಕೇಳಿ.